ಎಸ್ಟೋನಿಯಾದಲ್ಲಿ ಟಕ್ಕನ ಪಂಚಾಯ್ತಿ

ಮಸ್ಕಿ

ಪ್ರವಾಸ ಹೋಗಿ ಬಂದವರೆಲ್ಲ ‘ನಾನು ಕಂಡ’ ಎಂದು ಶುರು ಮಾಡುತ್ತಾರೆ. ನಾನು ಏನನ್ನೂ ಕಂಡಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಹೋಗುವಾಗ ನನ್ನ ಎರಡೂ ಕಣ್ಣುಗಳನ್ನು ಜೊತೆಗೆ ಕರೆದುಕೊಂಡು ಹೋಯಿತು. ಆದ್ದರಿಂದ ಇದು ನಾನು ಕೇಳಿದ ಎಸ್ಟೋನಿಯಾ, ಮೂಸಿದ ಎಸ್ಟೋನಿಯಾ, ಅಲ್ಲಲ್ಲಿ ಎಡವಿದ ಎಸ್ಟೋನಿಯಾ. ಕಂಡದ್ದೆಲ್ಲ ನನ್ನ ಗೆಳೆಯ ಖಾಜಾಹುಸೇನ. ಅವನು ಕಂಡದ್ದರಲ್ಲಿ ಅರ್ಧ ಸುಳ್ಳು.

ಖಾಜಾನದು ಲಿಂಗಸುಗೂರಿನಲ್ಲಿ ಸೈಕಲ್ ಅಂಗಡಿ. ನಾವಿಬ್ಬರೂ ಮಸ್ಕಿಯ ಶಾಲೆಯಲ್ಲಿ ಒಂದೇ ಬೆಂಚಿನವರು. ಪಾಠಗಳನ್ನು ನನಗೆ ಓದಿ ಹೇಳುತ್ತಿದ್ದವನು ಅವನೇ. ಓದುವಾಗ ತನ್ನದನ್ನೂ ಸೇರಿಸುತ್ತಿದ್ದ. ನಮ್ಮೂರ ಬಂಡೆಯ ಮೇಲೆ ಶಾಸನ ಬರೆಸಿದ ಚಕ್ರವರ್ತಿ ಇಲ್ಲಿಯ ಮಿರ್ಚಿ ಭಜಿ ತಿಂದು ಮನಸ್ಸು ಪರಿವರ್ತನೆಯಾದ ಎಂದು ನಾನು ಪರೀಕ್ಷೆಯಲ್ಲಿ ಬರೆಸಿದ್ದು ಹೀಗೆ. ಆ ಬಳಿಕ ಅವನ ಸುಳ್ಳು ಹಿಡಿಯುವುದನ್ನು ಕಲಿತೆ. ಸುಳ್ಳು ಹೇಳುವಾಗ ಅವನ ದನಿ ಅರ್ಧ ಸ್ವರ ಮೇಲೇರುತ್ತದೆ. ನಾನು ಸಿಂಧನೂರಿನ ಶಾಲೆಯೊಂದರಲ್ಲಿ ಸಂಗೀತ ಹೇಳಿಕೊಡುವ ಮಾಸ್ತರ; ಅರ್ಧ ಸ್ವರ ನನಗೆ ತಪ್ಪುವುದಿಲ್ಲ.

ನಮ್ಮ ಮನೆ ಮಸ್ಕಿಯ ಬಸ್ ಸ್ಟ್ಯಾಂಡಿನ ಹಿಂದೆಯೇ ಇದೆ. ಹಿತ್ತಲಿನಲ್ಲಿ ಬಳ್ಳಾರಿ ಜಾಲಿಯ ದೊಡ್ಡ ಪೊದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅದರೊಳಗೊಂದು ಪುಟ್ಟ ಹಕ್ಕಿ ಬಂದು ಸೇರುತ್ತದೆ, ಬೇಸಿಗೆ ಸುಡತೊಡಗಿದಾಗ ಹೋಗುತ್ತದೆ. ಇರುವಷ್ಟು ದಿನವೂ ‘ಟಕ್... ಟಕ್’ ಎಂಬ ಒಂದೇ ಮಾತು, ಎರಡು ಬೆಣಚುಕಲ್ಲು ತಾಗಿಸಿದ ಹಾಗೆ. ಕಣ್ಣಿದ್ದವರಿಗೂ ಅದು ಕಾಣುವುದಿಲ್ಲ. ಹೊರಡುವ ಮುಂಚಿನ ಕೆಲವು ದಿನ ಮಾತ್ರ ಮೆಲ್ಲಗೆ ಹಾಡಲು ನೋಡುತ್ತದೆ. ಹಾಡೂ ಸ್ವಂತದ್ದಲ್ಲ. ಅಕ್ಕಪಕ್ಕದ ಹಕ್ಕಿಗಳ ತುಣುಕುಗಳನ್ನು ಕದ್ದು, ಒಂದೊಂದನ್ನೂ ನಾಲ್ಕಾರು ಸಲ ತಿರುಗಿಸಿ ತಿರುಗಿಸಿ ಹೇಳಿ, ನಡುವೆ ಎರಡು ಟಕ್ ಹಾಕುತ್ತದೆ. ಪುಸ್ತಕದಲ್ಲಿ ಇದು ಯಾವನೋ ಸಾಹೇಬನ ಹೆಸರು ಅಂಟಿಸಿಕೊಂಡಿರುವ ಉಲಿಯಕ್ಕಿ. ಟಕ್ ಅನ್ನುವುದರಿಂದಲೂ ಕದಿಯುವುದರಿಂದಲೂ ನಾವು ಅದನ್ನು ಟಕ್ಕ ಎಂದು ಕರೆದೆವು.

ಹಕ್ಕಿ ದನಿ ಕೇಳುವ ಹುಚ್ಚಿನವರು ದೇಶದೇಶಗಳಿಂದ ಸೇರಿಕೊಂಡಿರುವ ಒಂದು ಫೋನ್ ಗುಂಪು ಇದೆ. ಒಂದು ಏಪ್ರಿಲ್‌ನಲ್ಲಿ ಟಕ್ಕನ ಗುನುಗನ್ನು ರೆಕಾರ್ಡ್ ಮಾಡಿ ಅದಕ್ಕೆ ಹಾಕಿದೆ. ಎಸ್ಟೋನಿಯಾದಿಂದ ಮಾರಿಕಾ ಎಂಬ ಹೆಂಗಸು ಉತ್ತರ ಕಳಿಸಿದಳು: “ಇವನು ಬೇಸಿಗೆಯಲ್ಲಿ ನಮ್ಮವನು. ನಿಮ್ಮಲ್ಲಿ ಗಂಟಲು ಸರಿ ಮಾಡಿಕೊಳ್ಳುತ್ತಾನೆ, ಹಾಡುವುದು ಇಲ್ಲಿ. ಬಂದು ಕೇಳಿ.”

ನನಗೆ ಅವಮಾನವಾಯಿತು. ರಿಯಾಜು ಮಸ್ಕಿಯಲ್ಲಿ, ಕಛೇರಿ ಪರದೇಶದಲ್ಲಿ! ಹೋಗಲೇಬೇಕು ಎಂದೆ.

“ಅರ್ಧ ವರ್ಷ ಹಿತ್ತಲದಾಗ ಕುಂತಿರ್ತೈತಿ, ಆಗೆಲ್ಲ ಬಿಟ್ಟು ಈಗ ಅದರ ಬೆನ್ನ ಹತ್ತಿ ಹೊಂಟಾರ,” ಎಂದಳು ಹೆಂಡತಿ ಶಂಕ್ರಮ್ಮ. “ನಾ ಬರಂಗಿಲ್ಲರೀ. ಖಾಜಾ ಅಣ್ಣನ್ನ ಕರ್ಕೊಂಡ್ ಹೋಗ್ರಿ. ಇಬ್ಬರೂ ಕೂಡಿ ಕಳೀರಿ, ಹುಡುಕೋರಿಗೆ ಸಸಾರ ಆಕ್ಕೈತಿ.”

ತಾರ್ತುವಿಗೆ ಹೋಗುವ ಬಸ್ಸು

ವಿಮಾನ ನಿಲ್ದಾಣಗಳ ಬಗ್ಗೆ ಹೇಳುವಂಥದ್ದು ಒಂದೇ. ನಮ್ಮ ಚೀಲದಲ್ಲಿ ಶಂಕ್ರಮ್ಮ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಇದ್ದವು. ಅಲ್ಲಿಯ ಪೊಲೀಸ್ ನಾಯಿ ಚೀಲಕ್ಕೆ ಮೂಗು ಹಚ್ಚಿ, ದೀರ್ಘವಾಗಿ ಉಸಿರೆಳೆದು, ಸೀನತೊಡಗಿತು. ನಿಲ್ಲಿಸಲೇ ಇಲ್ಲ. ಅದರ ಸಾಹೇಬ ಸಮಾಧಾನ ಮಾಡುತ್ತ ಕರೆದುಕೊಂಡು ಹೋದ. ನಮ್ಮನ್ನು ಯಾರೂ ಏನೂ ಕೇಳಲಿಲ್ಲ.

ರಾಜಧಾನಿಯಿಂದ ತಾರ್ತು ಎಂಬ ಊರಿಗೆ ಬಸ್ಸು ಹತ್ತಿದೆವು. ನಾನು ದಿನಾ ಹೋಗುವ ಸಿಂಧನೂರು ಬಸ್ಸಿನಲ್ಲಿ ಕಣ್ಣು ಬೇಕಾಗುವುದಿಲ್ಲ. ಯಾರ ಮನೆಯಲ್ಲಿ ಸೊಸೆ ಮುನಿಸಿಕೊಂಡಿದ್ದಾಳೆ, ಯಾವ ಮಿಲ್ಲಿನಲ್ಲಿ ಭತ್ತಕ್ಕೆ ಏನು ರೇಟು, ಹಟ್ಟಿಯ ಗಣಿಯಲ್ಲಿ ಯಾರಿಗೆ ಯಾವ ಪಾಳಿ, ಎಲ್ಲವೂ ಕಿವಿಗೆ ಬಂದು ಬೀಳುತ್ತದೆ. ಇಲ್ಲಿ ಬಸ್ಸು ಹೊರಟರೂ ಒಂದು ಕೆಮ್ಮು ಇಲ್ಲ, ಒಂದು ಫೋನು ಇಲ್ಲ.

“ಲೇ ಖಾಜಾ, ಮಂದಿ ಅದಾರೇನ್ಲೇ?”

“ಯಾರೂ ಇಲ್ಲೋ. ನಾವಿಬ್ಬರ, ಮತ್ತ ಡ್ರೈವರ್. ಇಡೀ ಬಸ್ಸು ನಮ್ಮದ.”

ದಣಿವಿನಲ್ಲಿ ಆ ಅರ್ಧ ಸ್ವರವನ್ನು ನಾನು ಗಮನಿಸಲಿಲ್ಲ. ಖಾಲಿ ಬಸ್ಸು ಸಿಕ್ಕಿದರೆ ಸಂಗೀತ ಮಾಸ್ತರ ಏನು ಮಾಡುತ್ತಾನೆ? ಗಂಟಲು ಬಿಚ್ಚಿದೆ. ಭೀಮಪಲಾಸಿ ಎತ್ತಿಕೊಂಡು, ಆಲಾಪ ಬೆಳೆಸಿ, ಸೀಟಿನ ಹಿಡಿಕೆಯ ಮೇಲೆ ತಾಳ ಹಾಕಿ, ತಾನುಗಳನ್ನು ಕಿಟಕಿಗೆ ಎರಚಿದೆ. ಸಾಕಷ್ಟು ದೂರ ಹಾಡಿದೆ. ಕೊನೆಯ ಷಡ್ಜದ ಮೇಲೆ ನಿಂತು ಉಸಿರು ಬಿಟ್ಟಾಗ ಹಿಂದಿನ ಸೀಟಿನಿಂದ ಒಂದೇ ಒಂದು ಚಪ್ಪಾಳೆ ಬಂತು. ಆಮೇಲೆ ಮುಂದಿನಿಂದ ಒಂದು. ಆಮೇಲೆ ಇಡೀ ಬಸ್ಸಿನಿಂದ, ಅಳತೆ ಮಾಡಿ ಕೊಟ್ಟ ಹಾಗೆ ತಲೆಗೆ ನಾಲ್ಕೈದು ಚಪ್ಪಾಳೆ. ಮತ್ತೆ ಮೌನ.

ಬಸ್ಸು ತುಂಬಿ ತುಳುಕುತ್ತಿತ್ತು.

“ಬ್ಯಾಡ ಅಂತ ಯಾರೂ ಅನ್ನಲಿಲ್ಲ ನೋಡು,” ಎಂದ ಖಾಜಾ, ನಗು ತಡೆಯಲಾರದೆ. “ಮಸ್ಕಿಯಾಗ ಆಗಿದ್ದರ ಎರಡನೇ ತಾನಿಗೆ ಇಳಿಸ್ತಿದ್ದರು.”

ಮಾರಿಕಾಳ ಮನೆ

ಮಾರಿಕಾ ತಾರ್ತುವಿನ ಆಚೆಗೆ ಒಂದು ಹಳ್ಳಿಯಲ್ಲಿ, ಹೊಳೆಯ ದಂಡೆಯಲ್ಲಿ ಇರುವವಳು. ಮೊದಲು ಅಕಾರ್ಡಿಯನ್ ಕಲಿಸುತ್ತಿದ್ದಳು. ಗಂಡ ಇಲ್ಲ. ನಮ್ಮ ಮಾತುಕತೆ ಅವಳ ಹರಕು, ನನ್ನ ಮುರುಕು ಇಂಗ್ಲಿಷಿನಲ್ಲಿ. ಹಾರ್ಮೋನಿಯಂನ ಕೆಳಗಿನ ಸಪ್ತಕದಂಥ ದನಿ, ಸೌದೆ ಒಡೆದು ಒಡೆದು ಒರಟಾದ ಅಂಗೈ. ಹೊಳೆಯ ಹೆಸರು ಕೇಳಿದರೆ ‘ಎಮಾಯೊಗಿ’ ಎಂದಳು. ಅವರ ಮಾತಿನಲ್ಲಿ ತಾಯಿ ಹೊಳೆ ಎಂದರ್ಥ. ಖಾಜಾನಿಗೆ ಅದು ‘ಯಮ ಯೋಗಿ’ ಎಂದೇ ಕೇಳಿತು. ಕೊನೆಯ ದಿನದವರೆಗೂ ಅವನು ಆ ನೀರಿಗೆ ಕಾಲಿಡಲಿಲ್ಲ.

ಊಟಕ್ಕೆ ಕಪ್ಪು ರೊಟ್ಟಿ. ಹುಳಿ ಹುಳಿ, ಇಟ್ಟಂಗಿಯ ತೂಕ. ನಾನು ಗುರೆಳ್ಳು ಪುಡಿಗೆ ಎಣ್ಣೆ ಕಲಸಿ ಅದರ ಮೇಲೆ ಸವರಿಕೊಂಡೆ, ಮಾರಿಕಾಳಿಗೂ ಕೊಟ್ಟೆ. ಅವಳು ತುಂಬ ಹೊತ್ತು ಸುಮ್ಮನಿದ್ದಳು. ಸತ್ತಳೇನೋ ಎಂದುಕೊಂಡೆ. ಆಮೇಲೆ “ಇನ್ನೂ ಇದೆಯಾ?” ಎಂದಳು. ಈ ಜನ ಮಾತಿಗೆ ಮುಂಚೆ ಮೌನವನ್ನು ಹಾಸಿ, ಅದರ ಮೇಲೆ ಮಾತನ್ನು ಕೂರಿಸುತ್ತಾರೆ. ಅಭ್ಯಾಸವಿಲ್ಲದವರು ಆ ನಡುವೆ ಹೆದರಿ ಸಾಯಬೇಕು.

ಸಂಜೆ ನಮ್ಮನ್ನು ಗೌರವಿಸಲೆಂದು ಸೌನಾಕ್ಕೆ ಕರೆದೊಯ್ದರು. ಮರದ ಕೋಣೆ, ಕಾದ ಕಲ್ಲು, ಮೇಲೆ ನೀರು ಚೆಲ್ಲಿದರೆ ಹಬೆ. ಬೆವರು ಧಾರಾಕಾರ.

“ಇದಕ್ಕ ಕೋಣಿ ಬ್ಯಾರೆ ಕಟ್ಯಾರೋ ಮಾರಾಯಾ,” ಎಂದು ಖಾಜಾ ನರಳಿದ. “ನಾವು ಏಪ್ರಿಲ್ ತಿಂಗಳದಾಗ ಪುಕ್ಕಟೆ ಇದರಾಗ ಇರ್ತೀವಿ. ಇವರನ್ನ ಒಂದ್ ಬಸ್ಸಿನಾಗ ತುಂಬಿ ಲಿಂಗಸುಗೂರಿಗೆ ಒಯ್ದರ ನಮ್ಮ ಬಾಳೇ ಹಸನಾಕ್ಕೈತಿ.”

ಹೊರಗೆ ಬಂದು ಕುಳಿತಾಗ ಮಾರಿಕಾ ನಿಜವಾದ ವಿಷಯ ತೆಗೆದಳು. ಅವಳ ಮತ್ತು ನೆರೆಯವ ಯಾನ್‌ನ ಜಾಗಗಳ ನಡುವೆ ಹೊಳೆಗೆ ಇಳಿಯುವ ಒಂದು ಇಳಿಜಾರು. ಜಾಗ ಯಾನ್‌ನದು. ಅದರ ತುಂಬ ಎದೆಯೆತ್ತರ ಹುಲ್ಲು, ಮೂಲೆಯಲ್ಲಿ ಪೊದೆ. ನಾಡಿದ್ದು ಯಾನ್‌ನ ತಾಯಿ ಹೆಲ್ಮಿಗೆ ತೊಂಬತ್ತು ತುಂಬುತ್ತದೆ. ಹೊಳೆ ಕಾಣುವಂತೆ ಅಲ್ಲೇ ಕೂರಿಸಿ ಊಟ ಹಾಕಬೇಕೆಂದು ಯಾನ್‌ಗೆ ಆಸೆ. ನಾಳೆ ಹುಲ್ಲನ್ನೂ ಪೊದೆಯನ್ನೂ ಕತ್ತರಿಸುವವನಿದ್ದಾನೆ.

“ಪೊದೆಯಲ್ಲಿ ನಿಮ್ಮ ಟಕ್ಕ ಇದ್ದಾನೆ,” ಎಂದಳು. “ಗೂಡೂ ಅಲ್ಲೇ ಎಲ್ಲೋ ಇದೆ.”

“ಹಾಗಂತ ಯಾನ್‌ಗೆ ಹೇಳಿದಿರಾ?”

“ಹೇಳಿದೆ. ಅದು ಟಕ್ಕ ಅಲ್ಲ, ತನ್ನ ಕಾಳಿನ ಕಣಜದ ಗೋಡೆಗೆ ಹಾಕಿದ ಗೂಡುಪೆಟ್ಟಿಗೆಯಲ್ಲಿರುವ ಸ್ಟಾರ್ಲಿಂಗ್, ಸುಮ್ಮನೆ ಪೊದೆಗೆ ಬಂದು ಹಾಡುತ್ತದೆ, ಪೊದೆ ಕಡಿದರೆ ಅದರ ಗೂಡಿಗೇನೂ ಆಗುವುದಿಲ್ಲ ಅನ್ನುತ್ತಾನೆ.”

ಸ್ಟಾರ್ಲಿಂಗ್ ಅಂದರೆ ನಮ್ಮ ಜೋಳದ ಹೊಲಕ್ಕೆ ಹಿಂಡು ಹಿಂಡಾಗಿ ಇಳಿಯುವ ಕಬ್ಬಕ್ಕಿಯ ದೊಡ್ಡಪ್ಪನ ಮಗ. ಅದಕ್ಕೂ ಪರರ ದನಿ ಕದಿಯುವ ಚಾಳಿ. ಆದ್ದರಿಂದ ಯಾನ್‌ನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ದನಿ ಕೇಳಿ ಹಕ್ಕಿಯ ಹೆಸರು ಹೇಳುವ ಫೋನನ್ನೂ ಕೇಳಿದ್ದಾರೆ. ಫೋನು ಒಮ್ಮೆ ಕವಲುತೋಕೆ ಎಂದಿತು, ಒಮ್ಮೆ ಬೇರೇನೋ ಎಂದಿತು. ಟಕ್ಕ ಕದ್ದ ಮಾಲನ್ನೆಲ್ಲ ಅದು ಮಾಲೀಕರ ಹೆಸರಿಗೇ ಬರೆಯುತ್ತಿತ್ತು. ಅಂದಿನಿಂದ ಫೋನು ಎಂದರೆ ಯಾನ್ ಉಗುಳುತ್ತಾನೆ. ಮಾರಿಕಾಳಿಗೆ ವಯಸ್ಸಿನಿಂದ ಮೇಲಿನ ಸ್ವರಗಳು ಕೇಳುವುದು ಕಡಿಮೆಯಾಗಿದೆ. ಆಣೆ ಮಾಡಿ ಹೇಳಲಾರಳು. ಹಕ್ಕಿಯಂತೂ ಯಾರ ಕಣ್ಣಿಗೂ ಬಿದ್ದಿಲ್ಲ.

“ಭಾರತದಿಂದ ಬರುವವರು ಹೇಳಲಿ, ಒಪ್ಪುತ್ತೇನೆ ಅಂದಿದ್ದಾನೆ. ಅವರಿಗೆ ಕಣ್ಣಿಲ್ಲ, ಹಾಗಾಗಿ ಪಕ್ಷಪಾತ ಇರುವುದಿಲ್ಲವಂತೆ.”

ಸಿಂಧನೂರಿನಲ್ಲಿ ಯಾರೂ ನನ್ನನ್ನು ಒಂದು ಎಮ್ಮೆಯ ಪಂಚಾಯ್ತಿಗೂ ಕರೆದವರಲ್ಲ. ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ.

“ತಪ್ಪಿ ಸ್ಟಾರ್ಲಿಂಗ್ ಇದ್ದರ?” ಎಂದು ಕೇಳಿದ ಖಾಜಾ, ಮಲಗುವಾಗ.

“ಸ್ಟಾರ್ಲಿಂಗ್ ಅಂತ ಹೇಳೂದು.”

“ಆಮ್ಯಾಲ ಈ ಮುದುಕಿ ಮನ್ಯಾಗ ಹೆಂಗಿರೂದಲೇ?”

ನಾನು ಮುಸುಕೆಳೆದುಕೊಂಡೆ.

ಪೊದೆಯ ಮುಂದೆ

ಅಲ್ಲಿ ಜೂನ್‌ನಲ್ಲಿ ಬೆಳಗು ನಮ್ಮನ್ನು ಕಾಯುವುದಿಲ್ಲ. ಎದ್ದು ಇಳಿಜಾರಿಗೆ ಹೋದಾಗ ಯಾನ್ ಆಗಲೇ ಬಂದು ಕುಡುಗೋಲಿಗೆ ಸಾಣೆ ಹಿಡಿಯುತ್ತಿದ್ದ. ‘ಜುಂಯ್, ಜುಂಯ್’. ಉದ್ದ ಹಿಡಿಕೆಯ ಕುಡುಗೋಲು, ನಿಂತೇ ಬೀಸುವಂಥದ್ದು. ನನ್ನ ಕೈ ಹಿಡಿದು ಕುಲುಕಿದ. ಎಷ್ಟು ಹೊತ್ತಾದರೂ ಮಾತಿಲ್ಲ. ಸಾಣೆಯ ಸದ್ದು ನಿಲ್ಲಿಸಲು ಮಾರಿಕಾಳಿಂದ ಹೇಳಿಸಬೇಕಾಯಿತು.

ಇಬ್ಬನಿಯಲ್ಲಿ ಕಾಲು ನೆನೆಯುತ್ತಿತ್ತು. ಸೊಳ್ಳೆಗಳು ನಮ್ಮ ಕಾಲುವೆ ಸೊಳ್ಳೆಗಳಿಗಿಂತ ನಿಧಾನ, ಆದರೆ ಹಟಮಾರಿ. ಕೊನೆಗೆ ಪೊದೆಯೊಳಗಿಂದ ಹಾಡು ಎದ್ದಿತು.

ನಾನು ಉಸಿರು ಹಿಡಿದೆ. ಮಸ್ಕಿಯಲ್ಲಿ ಗುನುಗಿದ್ದು ಇದೇನಾ? ಇಲ್ಲಿ ಕಂಠ ತುಂಬಿತ್ತು, ದುಂಡಗಿತ್ತು, ಅವಸರವೇ ಇರಲಿಲ್ಲ. ಕವಲುತೋಕೆಯ ಚಿಲಿಪಿಲಿ ಒಂದಿಷ್ಟು, ಮತ್ತೆ ಅದೇ, ಮತ್ತೆ ಅದೇ. ಆಮೇಲೆ ನನಗೆ ಗೊತ್ತಿಲ್ಲದ ಯಾವುದೋ ಹಕ್ಕಿಯ ಸಿಳ್ಳೆ, ಏಣಿಯ ಮೆಟ್ಟಿಲು ಹತ್ತಿದಂತೆ. ಟಕ್ಕನೇ ಎಂದು ಎದೆ ಹೇಳುತ್ತಿತ್ತು. ಆದರೆ ನಡುವಿನ ಟಕ್ ಕೇಳಲಿಲ್ಲ. ಹಾಡು ನಿಂತು ಶುರುವಾಗುವಾಗಲೂ ಟಕ್ ಇಲ್ಲ. ಎದೆ ಹೇಳಿದ್ದನ್ನು ಪಂಚಾಯ್ತಿಯಲ್ಲಿ ಹೇಳಲಾಗುತ್ತದೆಯೇ? ಅಷ್ಟರಲ್ಲಿ ಹಕ್ಕಿ ಪೂರ್ತಿ ಸುಮ್ಮನಾಯಿತು.

ಯಾನ್ ಏನೋ ಅಂದ. “ಆಯಿತೇ ಅಂತ ಕೇಳುತ್ತಿದ್ದಾನೆ,” ಎಂದಳು ಮಾರಿಕಾ.

“ಇನ್ನು ಸ್ವಲ್ಪ ಕಾಯಬೇಕು.”

ಕಾದೆವು. ಕುಡುಗೋಲು ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಹೋದ ಸದ್ದಾಯಿತು. ಖಾಜಾ ನನ್ನ ಕಿವಿಯಲ್ಲಿ, “ನಾ ಜರಾ ಬಯಲಿಗೆ ಹೋಗಿ ಬರ್ತೀನಿ,” ಎಂದ. ಅರ್ಧ ಸ್ವರ ಮೇಲಿತ್ತು. ಆದರೆ ನನ್ನ ಕಿವಿಯೆಲ್ಲ ಪೊದೆಯಲ್ಲಿತ್ತು.

ಕೊಂಚ ಹೊತ್ತಿಗೆ ಪೊದೆಯ ಬುಡದಿಂದ ಸ್ಪಷ್ಟವಾಗಿ ಬಂತು: ಟಕ್. ಟಕ್.

“ಕೇಳಿಸಿತೇ!” ಎಂದಳು ಮಾರಿಕಾ.

ಕೇಳಿಸಿತ್ತು. ತೀರ್ಪು ಹೇಳಲು ಬಾಯಿ ತೆರೆದೆ. ಆಗ ಅದೇ ಪೊದೆಯ ಬುಡದಿಂದ ಬಸ್ಸಿನ ಹಾರ್ನು ಮೊಳಗಿತು. ಹಿಂದೆಯೇ ಒಬ್ಬ ಕಂಡಕ್ಟರ್:

“ಏ ಸಿಂಧನೂರ್ ಸಿಂಧನೂರ್ ಸಿಂಧನೂರ್! ಯಾರ್ರೀ ಸಿಂಧನೂರ್!”

ನಾಲ್ಕು ದೇಶ ದಾಟಿ ಬಂದಿದ್ದ ನಾನು ರೂಢಿಯಿಂದ ಒಂದು ಹೆಜ್ಜೆ ಮುಂದೆ ಇಟ್ಟುಬಿಟ್ಟೆ.

ಯಾನ್ ಏನೋ ಗೊಣಗಿದ. ಮಾರಿಕಾ ಮೆಲ್ಲಗೆ ಕೇಳಿದಳು: “ಇದು ಯಾವ ಹಕ್ಕಿ?”

ನಾನು ಉತ್ತರ ಕೊಡುವ ಮೊದಲು ಪೊದೆಯೊಳಗಿಂದ ನನ್ನ ಹೆಂಡತಿ ಕರೆದಳು: “ಏನ್ರೀ, ಚಾ ಆರಿ ಹೋಗಾಕತ್ತೈತಿ, ಬರ್ತೀರೋ ಇಲ್ಲೋ!”

ಏಪ್ರಿಲ್‌ನಲ್ಲಿ ನಾನೇ ಮಾಡಿದ ರೆಕಾರ್ಡು. ಗುಂಪಿಗೆ ಕಳಿಸುವಾಗ ಟಕ್ಕನ ಭಾಗವನ್ನಷ್ಟೇ ಕತ್ತರಿಸಿದ್ದೆ. ಖಾಜಾನಿಗೆ ಕೇಳಲು ಕೊಟ್ಟಿದ್ದ ಪೂರ್ತಿಯದು ಅವನ ಫೋನಿನಲ್ಲಿ ಉಳಿದಿತ್ತು. ಈಗ ಅವನು ಹುಲ್ಲಿನೊಳಗೆ ಕುಕ್ಕರಗಾಲಲ್ಲಿ ಕುಳಿತು ಅದನ್ನು ನಿಲ್ಲಿಸಲು ಹೋಗಿ ಎಲ್ಲೋ ಒತ್ತಿ, ದನಿಯನ್ನು ಇನ್ನೂ ಏರಿಸಿದ. ಟಕ್, ಟಕ್, ಗುನುಗು, ಸಿಂಧನೂರ್ ಎಲ್ಲವೂ ಹೊಳೆಯ ಆಚೆ ದಡಕ್ಕೆ ಹೊಡೆದು ವಾಪಸು ಬಂದವು.

ಆಗ ನಮ್ಮ ತಲೆಯ ಮೇಲೆಯೇ ಎಲೆ ಸಿಡಿಯಿತು.

ಟಕ್! ಟಕ್‌ಟಕ್! ಟಕ್!

ಇದು ಫೋನಲ್ಲ. ಒಂದು ಗೇಣು ಗಾತ್ರವೂ ಇಲ್ಲದ ಹಕ್ಕಿ ಕೆಂಡಾಮಂಡಲವಾಗಿತ್ತು. ತನ್ನ ಪೊದೆಯಲ್ಲಿ ಇನ್ನೊಬ್ಬ ಟಕ್ಕ ಬಂದು ಕುಳಿತದ್ದಲ್ಲದೆ ಬಸ್ಸು ಬೇರೆ ತಂದಿದ್ದಾನಲ್ಲ! ಕೊಂಬೆಯಿಂದ ಕೊಂಬೆಗೆ ಹಾರಿ ಬೈದು, ಬೈಗುಳದ ನಡುವೆಯೇ ಹಾಡು ಎತ್ತಿಕೊಂಡಿತು. ಒಂದೊಂದು ತುಣುಕೂ ನಾಲ್ಕಾರು ಸಲ, ನಡುನಡುವೆ ಟಕ್ ಟಕ್. ಕಣಜದ ಪೆಟ್ಟಿಗೆಯ ಸ್ಟಾರ್ಲಿಂಗ್‌ಗೆ ಇಲ್ಲಿ ಸಿಟ್ಟು ಬರಲು ಕಾರಣವೇ ಇಲ್ಲ. ಮನೆಯಿದ್ದವನಿಗೆ ಮಾತ್ರ ಬರುವ ಸಿಟ್ಟು ಅದು.

“ಖಾಜಾ, ಅದನ್ನ ಬಂದ್ ಮಾಡಲೇ ಮೊದಲ!” ಎಂದು ಕಿರುಚಿದೆ. “ಹಕ್ಕಿಗೆ ತ್ರಾಸ ಆಗಾಕತ್ತೈತಿ!”

ಬಂದ್ ಆಯಿತು. ಹುಲ್ಲಿನಿಂದ ಎದ್ದು ಬಂದ ಖಾಜಾನ ಉಸಿರಾಟ ನನ್ನ ಬಳಿ ನಿಂತಿತು.

“ನಿನ್ನ ಮರ್ಯಾದಿ ಹೋಗಬಾರದು ಅಂತ ಮಾಡಿದ್ನೋ.”

“ನನ್ನ ಕಿವಿ ಮ್ಯಾಲ ನಿನಗ ಅಷ್ಟೂ ನಂಬಿಕಿ ಇಲ್ಲೇನಲೇ?”

“ನಿನ್ನ ಕಿವಿ ಮ್ಯಾಲ ಐತಿ. ಆ ಹಕ್ಕಿ ಬಾಯಿ ಮ್ಯಾಲ ಇದ್ದಿಲ್ಲ.”

ನನಗೆ ಸಿಟ್ಟು ಬಂದಿತ್ತು, ಅದಕ್ಕಿಂತ ನಾಚಿಕೆ. ಕರೆದು ಕೂರಿಸಿದ ಪಂಚಾಯ್ತಿಯಲ್ಲಿ ಕಳ್ಳ ಸಾಕ್ಷಿ ಹುಟ್ಟಿತ್ತು, ಅದೂ ನನ್ನ ಕಡೆಯಿಂದ. ಮಾರಿಕಾಳಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ: ಮೊದಲಿನ ಟಕ್ ನಮ್ಮ ಹಿತ್ತಲಿನದು, ಫೋನಿನಲ್ಲಿದ್ದದ್ದು, ಆ ಕೂಗು ಬಸ್ಸಿನದು, ಹೆಂಗಸಿನ ದನಿ ನನ್ನ ಹೆಂಡತಿಯದು, ಆಮೇಲೆ ಬೈದದ್ದು ನಿಮ್ಮ ಹಕ್ಕಿ, ಅದು ಟಕ್ಕನೇ, ಅದನ್ನು ನಾನು ಆಣೆ ಮಾಡಿ ಹೇಳುತ್ತೇನೆ, ಇಷ್ಟಾದ ಮೇಲೆ ನನ್ನ ಮಾತು ನಂಬದಿದ್ದರೂ ತಪ್ಪಿಲ್ಲ ಎಂದು ಯಾನ್‌ಗೆ ಹೇಳಿ.

ಅವಳು ಹೇಳಿದಳು. ಯಾನ್ ತಮ್ಮ ದೇಶದ ಆ ಮೌನವನ್ನು ಹಾಸಿದ. ಇಷ್ಟು ಉದ್ದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಖಾಜಾ ನನ್ನ ತೋಳು ಬಿಗಿಯಾಗಿ ಹಿಡಿದ; ಕುಡುಗೋಲು ದೊಡ್ಡದಿತ್ತು.

ಆಮೇಲೆ ಚಳಿಗಾಲದಲ್ಲಿ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿದ ಹಾಗೆ ಒಂದು ಸದ್ದು. ತಡೆದು, ಮತ್ತೆ ತಡೆದು, ಕೊನೆಗೆ ಪೂರಾ ಹತ್ತಿಕೊಂಡಿತು. ಯಾನ್ ನಗುತ್ತಿದ್ದ.

“ನಿನ್ನ ಹೆಂಡತಿ ಏನು ಅಂದಳು ಅಂತ ಕೇಳುತ್ತಿದ್ದಾನೆ,” ಎಂದಳು ಮಾರಿಕಾ.

“ಚಹಾ ಆರುತ್ತಿದೆ ಅಂದಳು.”

ಯಾನ್ ಕುಡುಗೋಲನ್ನು ಹುಲ್ಲಿಗೆ ಒರಸಿ, ಎರಡು ಮಾತು ಆಡಿ ಮನೆಯ ಕಡೆ ನಡೆದ. ಹಾಗಿದ್ದರೆ ಮೊದಲು ಚಹಾ ಕುಡಿಯೋಣ, ಮೇಜುಗಳನ್ನು ಕಣಜದ ಹತ್ತಿರ ಹಾಕಿದರಾಯಿತು, ಎಂದನಂತೆ.

ಹೋಗುವಾಗ ಖಾಜಾನನ್ನು ಕೇಳಿದೆ: “ಹಕ್ಕಿ ಕಂಡೀ ಏನ್ಲೇ?”

“ಕಂಡೆ ತಗೋ. ಕೆಂಪ್ ಜುಟ್ಟು, ಹಳದಿ ಬಾಲ, ರೆಕ್ಕಿ ಮ್ಯಾಲ ಜರಿ ಕೆಲಸ ಮಾಡಿದಂಗ...”

“ಖರೇ ಹೇಳು.”

ಅವನ ದನಿ ತನ್ನ ಜಾಗಕ್ಕೆ ಇಳಿಯಿತು. “ಎಲಿ ಅಲ್ಲಾಡಿದ್ದು ಕಂಡೀನಿ. ಹಕ್ಕಿ ಕಾಣಲಿಲ್ಲ.”

ಹೆಲ್ಮಿಯ ಊಟ

ಮರುದಿನ ಕಣಜದ ಪಕ್ಕ ಮೇಜುಗಳು ಬಿದ್ದವು. ತೊಂಬತ್ತು ತುಂಬಿದ ಹೆಲ್ಮಿಯನ್ನು ಹೂವಿನ ವಾಸನೆಯ ಕುರ್ಚಿಯಲ್ಲಿ ಕೂರಿಸಿದ್ದರು. ಅವಳು ಬಂದಾಗಿನಿಂದ ಜಗಳವಾಡುತ್ತಿದ್ದಳು. ಮುಂದೆ ಹುಲ್ಲು ಬಿಟ್ಟರೆ ಬೇರೇನೂ ಕಾಣುತ್ತಿಲ್ಲ, ಹೊಳೆ ಎಲ್ಲಿ? ಹುಟ್ಟಿದಂದಿನಿಂದ ನೋಡಿದ ಹೊಳೆಯನ್ನು ಹುಟ್ಟುಹಬ್ಬದ ದಿನ ಮುಚ್ಚಿಟ್ಟವರು ಯಾರು? ಯಾನ್ ನನ್ನ ಕಡೆ ಬೆರಳು ತೋರಿಸಿರಬೇಕು. ಮಾರಿಕಾ ನನ್ನನ್ನು ಕರೆದುಕೊಂಡು ಹೋಗಿ ಅವಳ ಪಕ್ಕ ಕೂರಿಸಿದಳು.

ಹೆಲ್ಮಿಯ ಕೈ ಒಣ ಎಲೆಯಂತಿತ್ತು. ಹಿಡಿತ ಮಾತ್ರ ಇಕ್ಕಳದ್ದು. ಹತ್ತಿರದಿಂದ ಗಟ್ಟಿಯಾಗಿ ಹೇಳಿದರೆ ಮಾತು ಕೇಳುತ್ತಿತ್ತು. ಅದೇ ಹೊತ್ತಿಗೆ ಟಕ್ಕ ಇಳಿಜಾರಿನಲ್ಲಿ ಹಾಡುತ್ತಿದ್ದ, ಎಲ್ಲರೂ ಚಮಚ ಕೆಳಗಿಟ್ಟು ಕೇಳುವ ಹಾಗೆ. ಹೆಲ್ಮಿಗೆ ಅದು ತಲುಪುತ್ತಿರಲಿಲ್ಲ. ಅಷ್ಟು ಎತ್ತರದ ಸ್ವರಗಳು ಅವಳನ್ನು ಬಿಟ್ಟು ಬಹಳ ಕಾಲವಾಗಿತ್ತು.

“ಹೇಗೆ ಹಾಡುತ್ತದೆ ಅಂತ ನಿಮ್ಮನ್ನು ಕೇಳುತ್ತಿದ್ದಾಳೆ,” ಎಂದಳು ಮಾರಿಕಾ.

ನಾನು ಸ್ವಲ್ಪ ಹೊತ್ತು ಟಕ್ಕನನ್ನು ಕೇಳಿದೆ. ಅವನು ಒಂದು ತುಣುಕನ್ನು ತಿರುವುತ್ತಿದ್ದ. ಐದು ಸ್ವರ, ಮೇಲಕ್ಕೆ ಹತ್ತಿ ಕೊನೆಯಲ್ಲಿ ಜಾರುವಂಥದ್ದು. ಅದನ್ನು ಹಿಡಿದು ಕೆಳಗೆ, ಇನ್ನೂ ಕೆಳಗೆ, ನನ್ನ ಎದೆಯ ಮಂದ್ರಕ್ಕೆ ಇಳಿಸಿದೆ. ಅವಳ ಕಿವಿಯ ಬಳಿ ಬಾಗಿ ನಿಧಾನವಾಗಿ ಹಾಡಿದೆ. ನಾಲಗೆಯಿಂದ ಎರಡು ಟಕ್ ಹಾಕಿದೆ. ಮತ್ತೆ ಹಾಡಿದೆ.

ಹೆಲ್ಮಿ ಕಿವಿಗೊಟ್ಟು ಕೊನೆಯವರೆಗೂ ಕೇಳಿದಳು. ಆಮೇಲೆ ಗಟ್ಟಿಯಾಗಿ ಏನೋ ಅಂದಳು, ಎಲ್ಲರೂ ನಕ್ಕರು. ಖಾಜಾ ಕೂಡ ಅರ್ಥವಾಗದೆಯೇ ನಕ್ಕ.

“ಏನಂದರು?”

“ಇಷ್ಟಕ್ಕಾ ನನ್ನ ಹೊಳೆ ಮುಚ್ಚಿದಿರಿ, ಅಂದಳು.”

ನಾನು ಕ್ಷಮೆ ಕೇಳಿ ಏಳಲು ಹೋದೆ. ಇಕ್ಕಳ ಬಿಡಲಿಲ್ಲ. ಮುದುಕಿ ನನ್ನನ್ನು ಕುರ್ಚಿಗೆ ಎಳೆದು ಕೂರಿಸಿ, ಕಿವಿಯನ್ನು ನನ್ನ ಬಾಯಿಗೆ ತಂದಿಟ್ಟು ಒಂದೇ ಮಾತು ಅಂದಳು. ಈ ಸಲ ಮಾರಿಕಾ ಅನುವಾದಿಸುವ ಅಗತ್ಯ ಬೀಳಲಿಲ್ಲ. ನಾನು ಮತ್ತೆ ಹಾಡಿದೆ.